ದಂಡುಪ್ರದೇಶದ ಗಿಟಾರೂ ಕಾವೇರಿಯ ವಿದ್ಯುತ್ತೂ
(ಬಾನುಲಿ ಭಾಷಣ)

ಬೆಂಗಳೂರಿನ ಚರಿತ್ರೆಯನ್ನು ಬರೆಯುವವರು ಅದನ್ನು ಎರಡು ಊರುಗಳ ಕಥೆಯಾಗಿ ಹೇಳುವುದು ವಾಡಿಕೆ. ಕೆಂಪೇಗೌಡರು ಕಟ್ಟಿದ ಪೇಟೆ ಒಂದು. ಶ್ರೀರಂಗಪಟ್ಟಣದಿಂದ ಬ್ರಿಟಿಷರ ಸೈನ್ಯ ಬಂದು 1809ರಲ್ಲಿ ನೆಲೆಯೂರಿದ ದಂಡುಪ್ರದೇಶ ಇನ್ನೊಂದು. ಒಂದಕ್ಕೆ ಮೈಸೂರಿನ ಅರಸರ ಆಡಳಿತ, ಇನ್ನೊಂದಕ್ಕೆ ಬ್ರಿಟಿಷ್ ರೆಸಿಡೆಂಟರ ಆಡಳಿತ. 1947ರಲ್ಲಿ ದಂಡುಪ್ರದೇಶವು ಮೈಸೂರು ಸರ್ಕಾರಕ್ಕೆ ಮರಳಿ ಬಂದಿತು. 1949ರಲ್ಲಿ ಎರಡೂ ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆಯಾದವು. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಕಾಗದದ ಮೇಲೆ ಒಂದಾಗುವುದಕ್ಕೆ ಮೊದಲೇ ಈ ಎರಡು ಊರುಗಳನ್ನು ಒಳಗಿಂದೊಳಗೆ ಬೆಸೆದ ಸಂಗತಿಗಳು ಯಾವುವು ಎಂದು ನಾವು ಕೇಳಿಕೊಂಡದ್ದು ಕಡಿಮೆ. ಅಂಥ ಸಂಗತಿಗಳಲ್ಲಿ ವಿದ್ಯುತ್ತು ಒಂದು. ಆ ವಿದ್ಯುತ್ತನ್ನು ಮನೆಮನೆಗೂ ತಕ್ಕಂತೆ ತಗ್ಗಿಸಿ, ಹೆಚ್ಚಿಸಿ ಕೊಡುವ ಟ್ರಾನ್ಸ್‌ಫಾರ್ಮರ್ ಎಂಬ ಮೂಕ ಸಾಧನದ ಮೂಲಕ ಈ ಊರಿನ ಪೂರ್ವಭಾಗದ ಚರಿತ್ರೆಯನ್ನು ಒಂದಿಷ್ಟು ನೋಡುವುದು ಈ ಹೊತ್ತಿನ ನನ್ನ ಉದ್ದೇಶ.

ಹಳಗನ್ನಡವನ್ನು ಪಾಠ ಹೇಳಿ ನಿವೃತ್ತನಾದವನಿಗೆ ಇದರ ಗೊಡವೆ ಏಕೆಂದು ಕೇಳುಗರು ಯೋಚಿಸಬಹುದು. ಹಲಸೂರಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಗಿಟಾರಿನ ಗೀಳು. 1950ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾಗುತ್ತಿದ್ದಂಥ ವಾಲ್ವ್ ಧ್ವನಿವರ್ಧಕವೊಂದನ್ನು ತನ್ನ ಕೈಯಿಂದಲೇ ಮಾಡಬೇಕೆಂದು ಹೊರಟ ಅವನು, ವಾಲ್ವ್‌ಗಳು ದೊರೆತರೂ ಅವಕ್ಕೆ ತಕ್ಕ ಪವರ್ ಟ್ರಾನ್ಸ್‌ಫಾರ್ಮರ್ ಯಾವುದೆಂದು ತಿಳಿಯದೆ ತಿಂಗಳುಗಟ್ಟಲೆ ತೊಳಲಿದನು. ವಾಲ್ವ್ ರೇಡಿಯೋ ಇದ್ದ ಮನೆಯಲ್ಲಿ ಬೆಳೆದವನು ನಾನು. ಅದರ ಬೆನ್ನಿನ ಹಲಗೆಯನ್ನು ಬಿಚ್ಚಿ ಒಳಗೆ ಕೆಂಪಗೆ ಉರಿಯುವ ತಂತುಗಳನ್ನು ನೋಡುವ ಚಪಲ ಚಿಕ್ಕಂದಿನದು. ಅವನೊಡನೆ ನಾನೂ ಅಲೆದೆ. ಅಲೆದಂತೆಲ್ಲ, ಅವನು ಕೇಳುತ್ತಿದ್ದ ಪ್ರಶ್ನೆ ಕೇವಲ ಯಂತ್ರದ ಪ್ರಶ್ನೆಯಲ್ಲವೆಂದೂ ಅದಕ್ಕೆ ಉತ್ತರ ಹೇಳಲು ನೂರಿಪ್ಪತ್ತು ವರ್ಷಗಳ ಚರಿತ್ರೆ ಬೇಕೆಂದೂ ನನಗೆ ಮನವರಿಕೆಯಾಯಿತು.

ಮೊದಲು ವಸ್ತುವಿನ ಪರಿಚಯ. ವಿದ್ಯುತ್ ಗಿಟಾರು ತಾನಾಗಿ ಮಾತನಾಡುವ ವಾದ್ಯವಲ್ಲ. ಅದರ ಉಕ್ಕಿನ ತಂತಿಗಳ ಕಂಪನವು ಕೆಳಗಿರುವ ಅಯಸ್ಕಾಂತದ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತನ್ನು ಹುಟ್ಟಿಸುತ್ತದೆ. ಧ್ವನಿವರ್ಧಕವು ಅದನ್ನು ಹಲವು ಮಡಿ ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನಲ್ಲಿ ಲಿಯೋ ಫೆಂಡರ್ ತಯಾರಿಸಿದ ಧ್ವನಿವರ್ಧಕಗಳು ಈ ಬಗೆಯವುಗಳಿಗೆ ಮೇಲ್ಪಂಕ್ತಿಯಾದವು. ಲಂಡನ್ನಿನ ಜಿಮ್ ಮಾರ್ಷಲ್ 1962ರಲ್ಲಿ ತನ್ನ ಮೊದಲ ಧ್ವನಿವರ್ಧಕವನ್ನು ಮಾಡಿದ್ದೂ ಫೆಂಡರನ ಬಾಸ್‌ಮನ್ ಎಂಬ ಮಾದರಿಯನ್ನು ಮುಂದಿಟ್ಟುಕೊಂಡೇ. ಆಮೇಲೆ ಟ್ರಾನ್ಸಿಸ್ಟರುಗಳು ಬಂದು ರೇಡಿಯೋಗಳಿಂದ ವಾಲ್ವ್‌ಗಳನ್ನು ಓಡಿಸಿದವು. ಗಿಟಾರಿನವರು ಮಾತ್ರ ಅವನ್ನು ಬಿಡಲಿಲ್ಲ. ಮೆಲ್ಲಗೆ ನುಡಿಸಿದಾಗ ತಿಳಿಯಾಗಿಯೂ ಒತ್ತಿ ನುಡಿಸಿದಾಗ ತುಸು ಒಡೆದು ಗದ್ಗದವಾಗಿಯೂ ನುಡಿಯುವ ವಾಲ್ವಿನ ಗುಣ ಅವರಿಗೆ ವಾದ್ಯದ ಒಂದು ಅಂಗವೇ ಆಗಿಹೋಗಿತ್ತು.

ಈ ವಾಲ್ವ್‌ಗಳ ಹೊಟ್ಟೆಯನ್ನು ತುಂಬುವುದು ಸುಲಭವಲ್ಲ. ಒಂದೊಂದಕ್ಕೂ ಎರಡು ಬಗೆಯ ಆಹಾರ ಬೇಕು. ತಂತುವನ್ನು ಕಾಯಿಸುವುದಕ್ಕೆ 6.3 ವೋಲ್ಟಿನ ತಗ್ಗು ವಿದ್ಯುತ್ತು ಬೇಕು. ಎಲೆಕ್ಟ್ರಾನುಗಳನ್ನು ಸೆಳೆಯುವುದಕ್ಕೆ ಮುನ್ನೂರು, ಮುನ್ನೂರೈವತ್ತು ವೋಲ್ಟಿನ ಏರು ವಿದ್ಯುತ್ತು ಬೇಕು. ಹಳೆಯ ಮಾದರಿಯಾದರೆ ಒಮ್ಮುಖ ವಿದ್ಯುತ್ತನ್ನು ಮಾಡಿಕೊಡುವ ರೆಕ್ಟಿಫೈಯರ್ ವಾಲ್ವಿಗೆ ಬೇರೆಯಾಗಿ 5 ವೋಲ್ಟು. ಗೋಡೆಯಿಂದ ಬರುವುದೋ ಒಂದೇ 230 ವೋಲ್ಟು. ಒಂದನ್ನು ಮೂರಾಗಿ ಮಾಡಿ ಹಂಚುವ ಗೃಹಿಣಿ ಈ ಟ್ರಾನ್ಸ್‌ಫಾರ್ಮರ್.

ಇದರ ತತ್ತ್ವವನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದನು. ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ಎರಡು ಸುರುಳಿಗಳನ್ನು ಸುತ್ತಿ, ಒಂದರಲ್ಲಿ ವಿದ್ಯುತ್ತು ಬದಲಾದಾಗ ಅದಕ್ಕೆ ಸೋಂಕದ ಇನ್ನೊಂದರಲ್ಲಿಯೂ ವಿದ್ಯುತ್ತು ಹುಟ್ಟುವುದನ್ನು ತೋರಿಸಿದನು. ಮೊದಲ ಸುರುಳಿಗಿಂತ ಎರಡನೆಯದಕ್ಕೆ ಸುತ್ತುಗಳು ಹೆಚ್ಚಾದರೆ ವೋಲ್ಟು ಹೆಚ್ಚುತ್ತದೆ, ಕಡಿಮೆಯಾದರೆ ತಗ್ಗುತ್ತದೆ. ಅರ್ಧ ಶತಮಾನದ ನಂತರ, 1880ರ ದಶಕದಲ್ಲಿ, ಬುಡಾಪೆಸ್ಟಿನ ಮೂವರು ಎಂಜಿನಿಯರುಗಳೂ ಅಮೆರಿಕದ ವಿಲಿಯಂ ಸ್ಟ್ಯಾನ್ಲಿಯೂ ಇದನ್ನು ಊರಿಗೆ ಬೆಳಕು ಕೊಡುವ ಸಾಧನವನ್ನಾಗಿ ಬೆಳೆಸಿದರು. ನಮ್ಮವರು ಇದಕ್ಕೆ ‘ಪರಿವರ್ತಕ’ ಎಂಬ ಹೆಸರನ್ನಿಟ್ಟಿದ್ದಾರೆ. ಮಾತು ಚೆನ್ನಾಗಿದೆ. ಆದರೆ ಈ ಪರಿವರ್ತನೆಯಲ್ಲಿ ಗಳಿಕೆಯಿಲ್ಲ ಎಂಬುದನ್ನು ನೆನಪಿಡಬೇಕು: ವೋಲ್ಟು ಏರಿದಷ್ಟೂ ಆಂಪಿಯರು ಇಳಿಯುತ್ತದೆ, ನಡುವೆ ಒಂದು ಪಾಲು ಬಿಸಿಯಾಗಿ ಸೋರಿಹೋಗುತ್ತದೆ.

ನಮ್ಮ ನಾಡಿಗೆ ಇದು ಬಂದ ಕಥೆ ಹೆಮ್ಮೆಪಡತಕ್ಕದ್ದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ರೂಪಿಸಿದ ಶಿವನಸಮುದ್ರದ ಯೋಜನೆ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳಿಸಿತು. ದೂರ 92 ಮೈಲಿ. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ಉದಾಹರಣೆಗಳು ಆಗ ಜಗತ್ತಿನಲ್ಲಿಯೇ ವಿರಳವಾಗಿದ್ದವು. ಹೊರಡುವ ಕಡೆ ಟ್ರಾನ್ಸ್‌ಫಾರ್ಮರುಗಳು ವೋಲ್ಟನ್ನು ಮೂವತ್ತು ಸಾವಿರದಾಚೆಗೆ ಏರಿಸದೆ, ತಲುಪುವ ಕಡೆ ಮತ್ತೆ ಇಳಿಸದೆ ಇದ್ದಿದ್ದರೆ ಕಾವೇರಿಯ ಶಕ್ತಿ ದಾರಿಯಲ್ಲಿಯೇ ತಂತಿಯನ್ನು ಕಾಯಿಸಿ ಮುಗಿದುಹೋಗುತ್ತಿತ್ತು. 1905ರಲ್ಲಿ ಬೆಂಗಳೂರು ನಗರಕ್ಕೆ ವಿದ್ಯುದ್ದೀಪ ಬಂದಿತು. ಗಮನಿಸಬೇಕಾದ ಮಾತೆಂದರೆ, ಮೊದಲು ಬೆಳಗಿದ್ದು ಪೇಟೆಯ ಕಡೆ. ಆಡಳಿತದಲ್ಲಿ ಮೈಸೂರಿಗೆ ಹೊರಗಾಗಿದ್ದ ದಂಡುಪ್ರದೇಶವೂ ಬೆಳಕಿಗೆ ಮೈಸೂರು ಸರ್ಕಾರದ ಕಾವೇರಿ ವಿದ್ಯುತ್ತನ್ನೇ ಆಶ್ರಯಿಸಬೇಕಾಯಿತು. ಧ್ವಜ ಎರಡಾದರೂ ತಂತಿ ಒಂದೇ ಆಗಿದ್ದಿತು.

ಇನ್ನು ಸಂಗೀತ. ದಂಡು ಇದ್ದಲ್ಲಿ ಬ್ಯಾಂಡು ಇದ್ದೇ ಇರುತ್ತದೆ. ಕವಾಯತಿನ ಮೈದಾನದ ಕಹಳೆ ತಮಟೆಗಳು, ಇಗರ್ಜಿಗಳ ಆರ್ಗನ್ನು, 1868ರಲ್ಲಿ ಹುಟ್ಟಿದ ಬೌರಿಂಗ್ ಇನ್‌ಸ್ಟಿಟ್ಯೂಟಿನಂಥ ಕ್ಲಬ್ಬುಗಳು, ರೈಲ್ವೆಯ ಮತ್ತು ಗಣಿಯ ಆಂಗ್ಲೋ ಇಂಡಿಯನ್ ಕುಟುಂಬಗಳ ಮನೆಗಳಲ್ಲಿನ ಪಿಯಾನೋ ಗಿಟಾರುಗಳು, ಇವುಗಳಿಂದ ಈ ಭಾಗದ ಕಿವಿ ರೂಪುಗೊಂಡಿತು. 1864ರಲ್ಲಿ ದಂಡು ನಿಲ್ದಾಣದಿಂದ ಜೋಲಾರಪೇಟೆಗೆ ರೈಲು ಓಡಿದ ಮೇಲೆ ಕೃಷ್ಣರಾಜಪುರವೂ ಮುಂದಿನ ಊರುಗಳೂ ಈ ಸಂಗೀತದ ದಾರಿಗೆ ಸೇರಿದವು. 1882ರಲ್ಲಿ ವೈಟ್‌ಫೀಲ್ಡ್ ವಸಾಹತು ಹುಟ್ಟಿತು. ಹಲಸೂರಿನ ಸೋಮೇಶ್ವರ ದೇವಾಲಯದ ನಾಗಸ್ವರವೂ ಶಿವಾಜಿನಗರದ ಕವ್ವಾಲಿಯೂ ಇದರ ಪಕ್ಕದಲ್ಲೇ ನಡೆದಿದ್ದವು. ನಮ್ಮ ಸಾಹಿತ್ಯವು ಈ ಭಾಗವನ್ನು ಪರಕೀಯವೆಂದು ಬಗೆದು ದೂರವಿಟ್ಟಿತೇ ಹೊರತು ಅಲ್ಲಿನ ಜನ ತಮ್ಮನ್ನು ಹಾಗೆ ಬಗೆದಂತೆ ಕಾಣದು.

ಎರಡನೆಯ ಮಹಾಯುದ್ಧ ಈ ಕಥೆಗೆ ಹೊಸ ಅಧ್ಯಾಯವನ್ನು ಸೇರಿಸಿತು. 1940ರಲ್ಲಿ ಊರಿನ ಪೂರ್ವದಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆ ಹುಟ್ಟಿತು. 1943ರಲ್ಲಿ ಅಮೆರಿಕದ ಸೇನೆಯ ವಾಯುಪಡೆ ಅದರ ನಿರ್ವಹಣೆಯನ್ನು ವಹಿಸಿಕೊಂಡು ವಿಮಾನಗಳ ದುರಸ್ತಿ ಕೇಂದ್ರವನ್ನಾಗಿ ಮಾಡಿತು. ಯುದ್ಧ ಮುಗಿದ ಮೇಲೆ ದೇಶದ ಹಲವು ನಗರಗಳಲ್ಲಿ ಸೇನೆಯ ಮಿಗುತೆ ಸಾಮಾನುಗಳು ‘ಡಿಸ್ಪೋಸಲ್’ ಎಂಬ ಹೆಸರಿನಿಂದ ಹರಾಜಾದವು. ವಾಲ್ವ್‌ಗಳು, ಮೀಟರುಗಳು, ಟ್ರಾನ್ಸ್‌ಫಾರ್ಮರುಗಳು ಗುಜರಿಯ ಅಂಗಡಿಗಳನ್ನು ಸೇರಿದವು. ರೇಡಿಯೋ ರಿಪೇರಿಯವರ ಒಂದು ತಲೆಮಾರು ವಿದ್ಯೆ ಕಲಿತದ್ದು ಈ ರಾಶಿಗಳ ನಡುವೆ. ಇಲ್ಲಿ ಒಂದು ತೊಡಕಿತ್ತು. ಅಮೆರಿಕದ ಉಪಕರಣಗಳು 115 ವೋಲ್ಟಿನ, 60 ಆವರ್ತನೆಯ ಲೋಕದವು. ನಮ್ಮದು 230 ವೋಲ್ಟಿನ, 50 ಆವರ್ತನೆಯ ಲೋಕ. ಈ ವ್ಯತ್ಯಾಸಕ್ಕೆ ಮತ್ತೆ ಬರುತ್ತೇನೆ. ನನ್ನ ಶಿಷ್ಯನ ತೊಡಕಿನ ತಿರುಳು ಅದರಲ್ಲಿಯೇ ಇದೆ.

ಸ್ವಾತಂತ್ರ್ಯಾನಂತರದ ನಾಲ್ಕು ದಶಕಗಳಲ್ಲಿ ವಿದೇಶದ ಧ್ವನಿವರ್ಧಕವನ್ನು ತರಿಸುವುದು ಸಾಮಾನ್ಯರಿಗೆ ಎಟುಕುವ ಮಾತಾಗಿರಲಿಲ್ಲ. ಲೈಸೆನ್ಸು, ಸುಂಕ, ವಿದೇಶೀ ವಿನಿಮಯ ಎಲ್ಲವೂ ಅಡ್ಡ. ಆದ್ದರಿಂದ ತರುಣರ ವಾದ್ಯತಂಡಗಳು ಮದುವೆ ಮನೆಯ ಮೈಕ್ ಸೆಟ್ಟಿಗೆ ಗಿಟಾರನ್ನು ಸಿಕ್ಕಿಸುವುದೋ ಬಲ್ಲವರಿಂದ ಧ್ವನಿವರ್ಧಕವನ್ನು ಕಟ್ಟಿಸುವುದೋ ಇವೆರಡೇ ದಾರಿ. ಅದೇ ಕಾಲದಲ್ಲಿ ಬೆಂಗಳೂರು ಈ ವಿದ್ಯೆಯ ರಾಜಧಾನಿಯಾಗಿ ಬೆಳೆಯಿತು ಎಂಬುದು ಚರಿತ್ರೆಯ ಕೌತುಕ. ಕೃಷ್ಣರಾಜಪುರದ ಬಳಿ ದೂರವಾಣಿನಗರದಲ್ಲಿ 1948ರಲ್ಲಿ ಐ.ಟಿ.ಐ. ಕಾರ್ಖಾನೆ ಬಂದಿತು. ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಮುಂದೆ ರೇಡಿಯೋ ವಾಲ್ವ್‌ಗಳನ್ನು ತಯಾರಿಸಿತು. ಅಲ್ಲಿನ ಇಎಲ್ 84, ಇಸಿಸಿ 83 ಮುಂತಾದ ವಾಲ್ವ್‌ಗಳನ್ನು ಇಂದಿಗೂ ಪರದೇಶದ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ಇಎಲ್ 84 ಎಂಬುದು ಇಂಗ್ಲೆಂಡಿನ ಹೆಸರಾಂತ ವಾಕ್ಸ್ ಧ್ವನಿವರ್ಧಕಗಳಲ್ಲಿ ದುಡಿದ ಜಾತಿಯ ವಾಲ್ವೇ.

ಟ್ರಾನ್ಸ್‌ಫಾರ್ಮರುಗಳ ಮಾತಂತೂ ಹೇಳಬೇಕಾಗಿಯೇ ಇಲ್ಲ. ಇಂದಿರಾನಗರದಿಂದ ಕೃಷ್ಣರಾಜಪುರಕ್ಕೆ ಹೋಗುವ ಹಳೆಯ ಮದರಾಸು ರಸ್ತೆಯಲ್ಲಿ, ಬೈಯಪ್ಪನಹಳ್ಳಿಯ ಬಳಿ, ಎನ್.ಜಿ.ಇ.ಎಫ್. ಕಾರ್ಖಾನೆ ಇದ್ದಿತು. ಹೆಸರನ್ನು ಬಿಡಿಸಿದರೆ ‘ನ್ಯೂ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ’. ಹೊಸದೇಕೆಂದರೆ ಹಳೆಯದೊಂದು ಆಗಲೇ ಇದ್ದಿತು: ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿ ಈಗ ಮೈಸೂರು ರಸ್ತೆಯಲ್ಲಿ ‘ಕವಿಕಾ’ ಎಂಬ ಹೆಸರಿನಿಂದಿರುವ ವಿದ್ಯುತ್ ಕಾರ್ಖಾನೆ. ಹೊಸ ಕಾರ್ಖಾನೆಯು ಜರ್ಮನಿಯ ಎ.ಇ.ಜಿ. ಸಂಸ್ಥೆಯ ಸಹಯೋಗದಿಂದ ಟ್ರಾನ್ಸ್‌ಫಾರ್ಮರು, ಮೋಟಾರು, ಸ್ವಿಚ್ಚುಗಳನ್ನು ತಯಾರಿಸಿ ನಾಡಿನ ಮೂಲೆಮೂಲೆಗೂ ಕಳಿಸಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಮುಚ್ಚಿತು. 2011ರಲ್ಲಿ ತೆರೆದ ನಗರದ ಮೊದಲ ಮೆಟ್ರೋ ಮಾರ್ಗದ ಒಂದು ತುದಿ ಅದೇ ಬೈಯಪ್ಪನಹಳ್ಳಿಯಾಗಿದ್ದಿತು.

ಈಗ ನನ್ನ ಶಿಷ್ಯನ ಪ್ರಶ್ನೆ. ಅವನು ಆರಿಸಿಕೊಂಡದ್ದು ಫೆಂಡರ್ ಸಂಸ್ಥೆ 1950ರ ದಶಕದಲ್ಲಿ ಮಾಡಿದ ‘ಡೀಲಕ್ಸ್’ ಎಂಬ ಚಿಕ್ಕ ಮಾದರಿ. ಹನ್ನೆರಡು ಹದಿನೈದು ವ್ಯಾಟಿನ ಶಕ್ತಿ. 6ವಿ6 ಎಂಬ ಎರಡು ದೊಡ್ಡ ವಾಲ್ವ್‌ಗಳು, ಎರಡು ಚಿಕ್ಕವು, 5ವೈ3 ಎಂಬ ರೆಕ್ಟಿಫೈಯರು. ಅವನ ಮುಂದೆ ಮೂರು ದಾರಿಗಳಿದ್ದವು.

ಮೊದಲನೆಯದು, ಅಮೆರಿಕದಿಂದ ಮೂಲ ಮಾದರಿಯ ಟ್ರಾನ್ಸ್‌ಫಾರ್ಮರನ್ನೇ ತರಿಸಿ, ನಮ್ಮ 230 ವೋಲ್ಟನ್ನು ತಗ್ಗಿಸುವ ಇನ್ನೊಂದು ಪೆಟ್ಟಿಗೆಯನ್ನು ಅದರ ಮುಂದಿಡುವುದು. ವೋಲ್ಟಿನ ತೊಡಕು ಇದರಿಂದ ತೀರುತ್ತದೆ. ಆವರ್ತನೆಯ ತೊಡಕು ತೀರುವುದಿಲ್ಲ. ಅರವತ್ತು ಆವರ್ತನೆಗೆಂದೇ ಅಳೆದು ಮಾಡಿದ ಕಬ್ಬಿಣಕ್ಕೆ ಐವತ್ತು ಆವರ್ತನೆಯ ವಿದ್ಯುತ್ತನ್ನು ಕೊಟ್ಟರೆ ಅದರೊಳಗಿನ ಕಾಂತಪ್ರವಾಹ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುತ್ತದೆ. ಕಬ್ಬಿಣವು ಹೊರಬಲ್ಲ ಕಾಂತಕ್ಕೆ ಒಂದು ಮಿತಿಯುಂಟು. ಆ ಮಿತಿಯ ಅಂಚಿನಲ್ಲಿ ಮಾಡಿದ ಅಗ್ಗದ ಟ್ರಾನ್ಸ್‌ಫಾರ್ಮರಾದರೆ ಗುಂಯ್ಗುಡುತ್ತದೆ, ಕಾಯುತ್ತದೆ, ಕೊನೆಗೆ ಒಳಗಿನ ಅರಗು ಕರಗಿ ಸುಟ್ಟ ವಾಸನೆ ಬರುತ್ತದೆ. ಎರಡೂ ಆವರ್ತನೆಗಳಿಗೆ ಆಗುವುದೆಂದು ಮಾಡಿದವರೇ ಬರೆದಿದ್ದರೆ ಮಾತ್ರ ಇದು ಸಲ್ಲುವ ದಾರಿ.

ಎರಡನೆಯದು, ಹಳೆಯ ವಾಲ್ವ್ ರೇಡಿಯೋವಿನಿಂದ ಬಿಚ್ಚಿದ ಟ್ರಾನ್ಸ್‌ಫಾರ್ಮರು. ಇದು ನಮ್ಮ ವಿದ್ಯುತ್ತಿಗೇ ಮಾಡಿದ್ದು. ಬೆನ್ನಿನಲ್ಲಿ ಊರಿಗೆ ತಕ್ಕಂತೆ ವೋಲ್ಟನ್ನು ಹೊಂದಿಸುವ ಬಿಲ್ಲೆಯೂ ಹಲವಕ್ಕೆ ಇರುತ್ತದೆ. ಆದರೆ ಒಂದೇ ದೊಡ್ಡ ವಾಲ್ವನ್ನು ಸಾಕುವ ರೇಡಿಯೋವಿಗೆ ಅರವತ್ತು ಎಪ್ಪತ್ತು ಮಿಲಿಯಾಂಪಿಯರು ಸಾಕು. ಡೀಲಕ್ಸಿಗೆ ತೊಂಬತ್ತು ನೂರು ಬೇಕು. ಒಂದೇ ವಾಲ್ವಿನ ಐದು ವ್ಯಾಟಿನ ಪುಟ್ಟ ಧ್ವನಿವರ್ಧಕಕ್ಕೆ ಇದು ಹೇಳಿಮಾಡಿಸಿದಂತಿರುತ್ತದೆ. ದೊಡ್ಡದಕ್ಕೆ ಕಟ್ಟಿದರೆ ಮುದಿ ಎತ್ತಿಗೆ ಜೋಡಿ ನೊಗ ಹೊರಿಸಿದಂತೆ. ಇನ್ನೊಂದು ಎಚ್ಚರವೂ ಅಗತ್ಯ. ಟ್ರಾನ್ಸ್‌ಫಾರ್ಮರೇ ಇಲ್ಲದೆ ಗೋಡೆಯ ವಿದ್ಯುತ್ತನ್ನು ನೇರವಾಗಿ ಪಡೆಯುತ್ತಿದ್ದ ಎ.ಸಿ.-ಡಿ.ಸಿ. ರೇಡಿಯೋಗಳೂ ಇದ್ದವು. ಅವುಗಳ ಲೋಹದ ತಳವೇ ಜೀವಂತ ತಂತಿ. ಅಂಥದಕ್ಕೆ ಗಿಟಾರನ್ನು ಸೇರಿಸಿದರೆ ವಾದಕನ ಬೆರಳೇ ಆ ತಂತಿಗೆ ತಗಲಿದಂತೆ.

ಇದು ಉತ್ಪ್ರೇಕ್ಷೆಯಲ್ಲ. ಬ್ರಿಟನ್ನಿನ ‘ಸ್ಟೋನ್ ದಿ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ 3ರಂದು ಸ್ವಾನ್ಸಿ ಊರಿನ ವೇದಿಕೆಯ ಮೇಲೆ, ಭೂಸಂಪರ್ಕವಿಲ್ಲದ ಮೈಕನ್ನು ಮುಟ್ಟಿ ಪ್ರಾಣಬಿಟ್ಟನು. ಗಿಟಾರಿನ ತಂತಿ ಒಂದು ಕೈಯಲ್ಲಿ, ಮೈಕು ತುಟಿಯ ಬಳಿ, ನಡುವೆ ಹೃದಯ. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳು ಒಂದನ್ನೊಂದು ಮುಟ್ಟದಿರುವುದರಿಂದಲೇ ಗೋಡೆಯ ವಿದ್ಯುತ್ತು ಈ ಕಡೆಗೆ ದಾಟದೆ ನಿಲ್ಲುತ್ತದೆ. ಅವುಗಳ ನಡುವೆ ಇರುವುದು ಕೆಲವು ಪದರ ಕಾಗದ. ಆ ಕಾಗದವನ್ನು ಸುತ್ತಿದ ಕೈ ಎಂಥದು ಎಂಬುದರ ಮೇಲೆ ಒಂದು ಜೀವ ನಿಂತಿದೆ. ಟ್ರಾನ್ಸ್‌ಫಾರ್ಮರನ್ನು ಆರಿಸುವಾಗ ನಾದದ ಚರ್ಚೆಗೆ ಮೊದಲು ಈ ಮಾತು ಬರಬೇಕು. ಅದರೊಡನೆ ಮೂರು ಸರಿಗೆಯ ಹುರಿ, ಭದ್ರವಾದ ಅರ್ತಿಂಗು, ಅಳತೆಯ ಫ್ಯೂಸು.

ಮೂರನೆಯ ದಾರಿ, ಇಲ್ಲಿಯೇ ಹೊಸದಾಗಿ ಸುತ್ತಿಸುವುದು. ಅದಕ್ಕಾಗಿ ನಾವು ಶಿವಾಜಿನಗರಕ್ಕೆ ಹೋದೆವು. ಹಿಂದೆ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಈ ಭಾಗದಲ್ಲಿ ರಸೆಲ್ ಮಾರುಕಟ್ಟೆಯ ಸುತ್ತಿನ ಓಣಿಗಳು, ಹಳೆಯ ಮೋಟಾರು ಸಾಮಾನಿನ ಗುಜರಿ, ಫ್ಯಾನು ಮೋಟಾರುಗಳ ಸುರುಳಿ ಸುತ್ತುವ ಚಿಕ್ಕ ಅಂಗಡಿಗಳು ಒಂದರ ಬೆನ್ನಿಗೆ ಒಂದು ಇವೆ. ಹತ್ತು ಅಡಿಯ ಒಂದು ಅಂಗಡಿಯಲ್ಲಿ ಎಪ್ಪತ್ತು ದಾಟಿದ ಸಾಹೇಬರೊಬ್ಬರು ಕೈಯಲ್ಲಿ ತಿರುಗಿಸುವ ಸುತ್ತುಯಂತ್ರದ ಮುಂದೆ ಕುಳಿತಿದ್ದರು. ನನ್ನ ಶಿಷ್ಯ ಅಮೆರಿಕದ ನಕಾಶೆಯನ್ನು ಬಿಡಿಸಿ ತೋರಿಸಿದ. ಅವರು ಕನ್ನಡಕವನ್ನು ಮೇಲಕ್ಕೆ ಸರಿಸಿ ಅದನ್ನು ನೋಡಿ, “ಇದೆಲ್ಲ ಸರಿ ತಮ್ಮಾ, ನಿಮ್ಮ ಮನೇಲಿ ಸಂಜೆ ಹೊತ್ತು ಎಷ್ಟು ವೋಲ್ಟು ಬರ್ತದೆ, ರಾತ್ರಿ ಹನ್ನೆರಡಕ್ಕೆ ಎಷ್ಟು ಬರ್ತದೆ, ಅದು ಹೇಳಿ ಮೊದಲು” ಎಂದರು.

ಎಷ್ಟು ಯುಕ್ತವಾದ ಪ್ರಶ್ನೆ! ಮೂಲ ಮಾದರಿಯ ಟ್ರಾನ್ಸ್‌ಫಾರ್ಮರಿನಲ್ಲಿ ಏರು ವಿದ್ಯುತ್ತಿನ ಸುರುಳಿ ನಡುವೆ ಒಂದು ತಂತಿಯನ್ನು ಹೊರಚಾಚಿ, ಆ ಕಡೆ 325, ಈ ಕಡೆ 325 ವೋಲ್ಟು ಕೊಡುತ್ತದೆ. ಸಂಜೆ ಬೀದಿಯೆಲ್ಲ ದೀಪ ಹಚ್ಚಿದಾಗ ಇಳಿದು, ನಡುರಾತ್ರಿ ಏರಿಬಿಡುವ ನಮ್ಮ ವಿದ್ಯುತ್ತಿನ ಮೇಲೆ ಇದನ್ನು ಹಚ್ಚಿದರೆ ವಾಲ್ವ್‌ಗಳು ತಮ್ಮ ಮಿತಿಯನ್ನು ಮೀರಿ ದುಡಿಯಬೇಕಾಗುತ್ತದೆ. ವಾಲ್ವ್‌ಗಳು ಕಾಯುವ ಮೊದಲು, ಹೊರೆಯೇ ಇಲ್ಲದ ಆ ಕೆಲವು ಕ್ಷಣಗಳಲ್ಲಿ, ಕೆಪಾಸಿಟರಿನ ಮೇಲೆ ಬೀಳುವುದು 325 ಅಲ್ಲ. ಅಲೆಯ ತುದಿಯ ಅಳತೆಯಾದ 460 ವೋಲ್ಟು. 450 ವೋಲ್ಟಿನ ಕೆಪಾಸಿಟರನ್ನು ನಂಬಿದವನಿಗೆ ಅದು ಒಂದು ದಿನ ಪಟಾಕಿಯಾಗಿ ಉತ್ತರ ಹೇಳುತ್ತದೆ.

ಚರ್ಚೆ ನಡೆದು, 325ರ ಬದಲು ಎರಡೂ ಕಡೆ 300 ವೋಲ್ಟು ಸಾಕೆಂದು ತೀರ್ಮಾನವಾಯಿತು. ರೆಕ್ಟಿಫೈಯರ್ ದಾಟಿ ಸಿಗುವುದು ಸುಮಾರು 325. ಗೋಡೆಯ ಕಡೆಯ ಸುರುಳಿಗೆ 210, 230, 250 ಎಂದು ಮೂರು ತುದಿಗಳು. ತಂತುಗಳ ಲೆಕ್ಕ ಸುಲಭ: ದೊಡ್ಡ ವಾಲ್ವ್ ಒಂದಕ್ಕೆ 0.45 ಆಂಪಿಯರಿನಂತೆ ಎರಡು, ಚಿಕ್ಕದೊಂದಕ್ಕೆ 0.3ರಂತೆ ಎರಡು, ಒಟ್ಟು ಒಂದೂವರೆ. ಬಿಸಿಯಾಗದಿರಲು 3 ಆಂಪಿಯರಿನ ಸುರುಳಿ. ರೆಕ್ಟಿಫೈಯರಿಗೆ 5 ವೋಲ್ಟು, 2 ಆಂಪಿಯರು. ಎಲ್ಲ ಕೂಡಿದರೆ ಬೇಕಾದದ್ದು ಐವತ್ತು ವ್ಯಾಟಿನ ಆಸುಪಾಸು. ಸುತ್ತತಕ್ಕದ್ದು ಎಪ್ಪತ್ತರ ಟ್ರಾನ್ಸ್‌ಫಾರ್ಮರು.

ಸಾಹೇಬರ ಗಣಿತವನ್ನು ನಾನು ಬೆರಗಿನಿಂದ ಕೇಳಿದೆ. ಇ ಮತ್ತು ಐ ಅಕ್ಷರಗಳ ಆಕಾರದ ಕಬ್ಬಿಣದ ತಗಡುಗಳನ್ನು ಒಟ್ಟಿದಾಗ ನಡುಗಂಬದ ಅಡ್ಡಳತೆ ಒಂಬತ್ತು ಚದರ ಸೆಂಟಿಮೀಟರು. ನಲವತ್ತೈದನ್ನು ಒಂಬತ್ತರಿಂದ ಭಾಗಿಸಿದರೆ ಐದು: ಅಂದರೆ ವೋಲ್ಟಿಗೆ ಐದು ಸುತ್ತು. 230 ವೋಲ್ಟಿಗೆ 1150 ಸುತ್ತು. ಏರು ವಿದ್ಯುತ್ತಿನ 600 ವೋಲ್ಟಿಗೆ 3000, ಸೋರಿಕೆಗೆ ನೂರಕ್ಕೆ ಐದರಂತೆ ಮೇಲೆ. 6.3 ವೋಲ್ಟಿಗೆ 33 ಸುತ್ತು. ಆ ನಲವತ್ತೈದು ಎಂಬ ಅಂಕಿ ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ, “ನಮ್ಮ ಉಸ್ತಾದ್ ಹೇಳಿದ್ದು” ಎಂದರು. ಮನೆಗೆ ಬಂದು ಪುಸ್ತಕದಲ್ಲಿ ನೋಡಿದೆ. ಐವತ್ತು ಆವರ್ತನೆಗೆ, ಒಂದು ಟೆಸ್ಲಾ ಕಾಂತಕ್ಕೆ, ಫ್ಯಾರಡೆಯ ನಿಯಮ ಕೊಡುವ ಅಂಕಿ ಅದೇ ನಲವತ್ತೈದು. ಅರವತ್ತು ಆವರ್ತನೆಗಾದರೆ ಅದು ಮೂವತ್ತೇಳೂವರೆ. ಅಮೆರಿಕದ ಟ್ರಾನ್ಸ್‌ಫಾರ್ಮರು ಇಲ್ಲಿ ಏಕೆ ಕಾಯುವುದೆಂಬುದಕ್ಕೆ ಕಾರಣ ಆ ಎರಡು ಅಂಕಿಗಳ ಅಂತರದಲ್ಲಿದೆ. ಸೂತ್ರವನ್ನು ಕಾಣದ ಪರಂಪರೆ ಅದರ ಫಲವನ್ನು ಮಾತ್ರ ಕಂಠಪಾಠವಾಗಿ ಉಳಿಸಿಕೊಂಡು ಬಂದಿದ್ದಿತು.

ನನ್ನ ಶಿಷ್ಯ ಇನ್ನೊಂದು ಮಾತನ್ನು ಕೇಳಿದ. ರೆಕ್ಟಿಫೈಯರ್ ವಾಲ್ವಿನ ಬದಲು ಅಗ್ಗದ ಸಿಲಿಕಾನ್ ಡಯೋಡುಗಳನ್ನು ಹಾಕಿದರೆ 5 ವೋಲ್ಟಿನ ಸುರುಳಿಯ ಖರ್ಚೇ ಉಳಿಯುತ್ತದಲ್ಲವೆ ಎಂದು. ಉಳಿಯುತ್ತದೆ, ಆದರೆ ವೋಲ್ಟು ನಾನ್ನೂರು ದಾಟುತ್ತದೆ, ವಾಲ್ವ್‌ಗಳು ಬಳಲುತ್ತವೆ. ನಾದವೂ ಬೇರೆಯಾಗುತ್ತದೆ. ಜೋರಾಗಿ ಮೀಟಿದಾಗ ರೆಕ್ಟಿಫೈಯರ್ ವಾಲ್ವೂ ತೆಳುತಂತಿಯ ಸುರುಳಿಯೂ ಒಂದು ಕ್ಷಣ ಬಳುಕಿ, ವೋಲ್ಟು ಕುಸಿದು, ಮತ್ತೆ ಚೇತರಿಸಿಕೊಳ್ಳುತ್ತವೆ. ಸ್ವರವು ಮೊದಲು ಅದುಮಿದಂತಾಗಿ ಆಮೇಲೆ ಅರಳುತ್ತದೆ. ವಾದಕರು ಮೆಚ್ಚುವ ಹಳೆಯ ನಾದದ ಗುಟ್ಟಿನಲ್ಲಿ ಒಂದು ಪಾಲು ಯಂತ್ರದ ಈ ದೌರ್ಬಲ್ಯಕ್ಕೆ ಸೇರಿದ್ದು. ಹಾಗೆಂದು ಬೇಕೆಂದೇ ಕೃಶವಾದ ಟ್ರಾನ್ಸ್‌ಫಾರ್ಮರನ್ನು ಆರಿಸಬಾರದು. ಬಳುಕುವುದು ಬೇರೆ, ಬೇಯುವುದು ಬೇರೆ. “ಎರಡು ಗಂಟೆ ಓಡಿದ ಮೇಲೆ ಕೈ ಇಟ್ರೆ ಬಿಸಿ ತಡೀಬೇಕು, ಮೂಗಿಗೆ ವಾಸನೆ ಬರಬಾರದು” ಎಂಬುದು ಸಾಹೇಬರು ಹೇಳಿದ ಪರೀಕ್ಷೆ. ಪುಸ್ತಕಗಳಲ್ಲಿ ಇಷ್ಟು ಅಡಕವಾಗಿ ನಾನು ಕಾಣಲಿಲ್ಲ.

ಹತ್ತು ದಿನಗಳ ಮೇಲೆ ಅದು ಸಿದ್ಧವಾಯಿತು. ಗೋಡೆಯ ಕಡೆಯ ಸುರುಳಿಗೆ 27ನೆಯ ಗೇಜಿನ ತಂತಿ. ಏರು ವಿದ್ಯುತ್ತಿಗೆ ಹೊಲಿಗೆಯ ದಾರದಂಥ 34ನೆಯದು. ತಂತುಗಳಿಗೆ ದಪ್ಪನಾದ 18ನೆಯದು. ಪದರಪದರಕ್ಕೂ ಕಾಗದ, ಎರಡು ಸುರುಳಿಗಳ ನಡುವೆ ಲೆದರಾಯ್ಡ್ ಕಾಗದದ ಮೇಲೆ ತಾಮ್ರದ ಒಂದು ತಗಡು, ಅದಕ್ಕೆ ಅರ್ತಿಂಗಿನ ತಂತಿ, ಕೊನೆಗೆ ವಾರ್ನಿಷಿನಲ್ಲಿ ಅದ್ದಿ ಒಣಗಿಸಿದ್ದು. ಅಮೆರಿಕದವರು ತಂತಿಗಳ ಬಣ್ಣದಿಂದಲೇ ಅರ್ಥವನ್ನು ತಿಳಿಸುತ್ತಾರೆ: ಕೆಂಪು ಏರು ವಿದ್ಯುತ್ತು, ಹಸಿರು 6.3, ಹಳದಿ 5, ಕಪ್ಪು ಗೋಡೆಯ ಕಡೆ. ನಮ್ಮ ಸಾಹೇಬರೂ ಅದೇ ಕ್ರಮವನ್ನು ಪಾಲಿಸಿದ್ದರು. ಹಿಂದೆ ಡಿಸ್ಪೋಸಲ್ ಸಾಮಾನನ್ನು ಬಿಚ್ಚಿ ಕಲಿತ ಉಸ್ತಾದರ ಕಾಲದಿಂದ ಅಂಗಡಿಯ ರೂಢಿ ಅದೇ ಅಂತೆ. ಯುದ್ಧಕಾಲದ ಅಮೆರಿಕದ ಒಂದು ಲಿಪಿ ಶಿವಾಜಿನಗರದ ಓಣಿಯಲ್ಲಿ ಎಪ್ಪತ್ತೈದು ವರ್ಷ ಬಾಳಿದ್ದನ್ನು ಕಂಡು, ಶಾಸನಗಳ ಅಕ್ಷರಗಳನ್ನು ಓದಿಸಿ ಬದುಕಿದ ನನಗೆ ರೋಮಾಂಚನವಾಯಿತು.

ಅವರ ಬಳಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ. ಐವತ್ತು ವರ್ಷಗಳಲ್ಲಿ ಸುತ್ತಿದ ಒಂದೊಂದು ಟ್ರಾನ್ಸ್‌ಫಾರ್ಮರಿಗೂ ಒಂದೊಂದು ಸಾಲು: ತಗಡಿನ ಅಳತೆ, ಸುತ್ತಿನ ಎಣಿಕೆ, ತಂತಿಯ ಗೇಜು, ಯಾರಿಗಾಗಿ ಮಾಡಿದ್ದು. ಕೆಲವು ಉರ್ದುವಿನಲ್ಲಿ, ಕೆಲವು ಕನ್ನಡದಲ್ಲಿ, ಕೆಲವು ತಮಿಳು ಗುಮಾಸ್ತನೊಬ್ಬನ ಕೈಬರಹದಲ್ಲಿ. ಅಂಕಿಗಳು ಎಲ್ಲರಿಗೂ ಒಂದೇ. ಮೈಕ್ ಸೆಟ್ಟಿನವರು, ಇಗರ್ಜಿಯವರು, ನಾಟಕ ಕಂಪನಿಯವರು, ವಾದ್ಯತಂಡದ ಹುಡುಗರು, ಎಲ್ಲರೂ ಅದರಲ್ಲಿದ್ದಾರೆ. ದಂಡುಪ್ರದೇಶದ ಸಂಗೀತದ ಚರಿತ್ರೆಯನ್ನು ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಆಕರ ಇನ್ನೆಲ್ಲಿ ಸಿಕ್ಕೀತು? ಅವರ ಮಕ್ಕಳು ಬೇರೆ ಉದ್ಯೋಗಗಳಲ್ಲಿದ್ದಾರೆ. “ನನ್ನ ಆಮೇಲೆ ಇದು ರದ್ದಿ” ಎಂದು ಅವರು ನಗುತ್ತಲೇ ಅಂದರು.

ಬೈಯಪ್ಪನಹಳ್ಳಿಯ ಕಾರ್ಖಾನೆ ಮುಚ್ಚಿದ್ದು ಎಲ್ಲರಿಗೂ ಗೊತ್ತು. ಅದರ ಜಮೀನಿನ ಬೆಲೆಯೂ ಗೊತ್ತು. ಆದರೆ ಅಲ್ಲಿಯೂ ಜಾಲಹಳ್ಳಿಯಲ್ಲಿಯೂ ಇಂಥ ಓಣಿಗಳಲ್ಲಿಯೂ ಕೈಯಿಂದ ಕೈಗೆ ಬಂದ ತಿಳಿವಳಿಕೆಯನ್ನು ಬರೆದಿಟ್ಟವರಾರು? ನಮ್ಮ ಹಿರಿಯ ವಿದ್ವಾಂಸರು ಊರೂರು ಅಲೆದು ಓಲೆಗರಿಗಳನ್ನೂ ಕಡತಗಳನ್ನೂ ಕೂಡಿಸದೆ ಇದ್ದಿದ್ದರೆ ನಾನು ಪಾಠ ಹೇಳಿದ ಕಾವ್ಯಗಳಲ್ಲಿ ಎಷ್ಟೋ ಒಲೆಯ ಪಾಲಾಗುತ್ತಿದ್ದವು. ಲೆಕ್ಕದ ಪುಸ್ತಕವೂ ಒಂದು ಕಡತವೇ. ಅದರ ಭಾಷೆ ಬೆರಕೆಯಾದದ್ದರಿಂದಲೂ ಅದನ್ನು ಬರೆದ ಕೈ ತಾಮ್ರದ ಕಿಲುಬಿನದಾದ್ದರಿಂದಲೂ ಅದು ನಮ್ಮದಲ್ಲವೆಂದು ಬಿಟ್ಟುಬಿಟ್ಟರೆ ನಷ್ಟ ನಮ್ಮದೇ.

ಸಾಹೇಬರ ಅಪ್ಪಣೆ ಪಡೆದು ನಾನೂ ನನ್ನ ಶಿಷ್ಯನೂ ಈಗ ಪ್ರತಿ ಶನಿವಾರ ಹೋಗಿ ಆ ಪುಸ್ತಕವನ್ನು ನಕಲು ಮಾಡುತ್ತಿದ್ದೇವೆ. ಉರ್ದುವಿನ ಸಾಲುಗಳನ್ನು ಅವರೇ ಓದಿ ಹೇಳುತ್ತಾರೆ. ನೂರ ಹತ್ತು ಪುಟಗಳು ಮುಗಿದಿವೆ. ಕೇಳುಗರಲ್ಲಿ ಯಾರಾದರೂ ಹಳೆಯ ವಾಲ್ವ್ ಧ್ವನಿವರ್ಧಕಕ್ಕೆ ಟ್ರಾನ್ಸ್‌ಫಾರ್ಮರನ್ನು ಹುಡುಕುತ್ತಿದ್ದರೆ ನನ್ನ ಸಲಹೆ ಇಷ್ಟೆ: ನಿಮ್ಮ ಮನೆಯ ವೋಲ್ಟನ್ನು ಸಂಜೆಗೊಮ್ಮೆ ನಡುರಾತ್ರಿಗೊಮ್ಮೆ ಅಳೆಯಿರಿ, ವಾಲ್ವ್‌ಗಳ ಆಂಪಿಯರನ್ನು ಕೂಡಿ, ಅದರ ಮೇಲೆ ಮೂರರಲ್ಲೊಂದು ಪಾಲನ್ನಾದರೂ ಹೆಚ್ಚಿಗೆ ಇಡಿ, ಐವತ್ತು ಆವರ್ತನೆಗೆಂದು ಮಾಡಿದ್ದನ್ನೇ ಕೊಳ್ಳಿರಿ, ಅರ್ತಿಂಗನ್ನು ಮರೆಯಬೇಡಿ. ಸುತ್ತಿಸುವುದಾದರೆ ಸುತ್ತುವವರ ಬಳಿ ಒಂದು ಗಳಿಗೆ ಕುಳಿತು, ಅವರ ಉಸ್ತಾದರು ಯಾರೆಂದು ಕೇಳಿ ಬರೆದುಕೊಳ್ಳಿರಿ.